ಜುಂ ಎನ್ನುವ ಕೈ

ಹದಿನೈದು ದಿನಗಳಿಂದ ಶಿವಬಸವ್ವಳ ಎಡಗೈ ಆಗಾಗ ಜುಂ ಎನ್ನುತ್ತಿತ್ತು. ಅವಳು ಯಾರಿಗೂ ಹೇಳಿರಲಿಲ್ಲ. ಅವಳ ತಾಯಿಗೂ ಹೀಗೆಯೇ ಎಡಗೈಯಿಂದ ಶುರುವಾಗಿತ್ತು. ಆಮೇಲೆ ಒಂದು ಬೆಳಗ್ಗೆ ಬಾಯಿ ಸೊಟ್ಟಗಾಗಿ, ಒಂದು ಮಗ್ಗುಲು ಪೂರ್ತಿ ಬಿದ್ದುಹೋಗಿ, ನಾಲ್ಕು ವರ್ಷ ಹಾಸಿಗೆಯಲ್ಲೇ ಕಳೆದು ತೀರಿಕೊಂಡಳು. ಲಕ್ವಾ ಹೊಡೆದಾಗ ತಾಯಿಗೆ ನಲವತ್ತಮೂರು. ಈಗ ಶಿವಬಸವ್ವಳಿಗೂ ಅಷ್ಟೇ ವಯಸ್ಸು.

ಮರಾಠಿ ಸೀಮೆಯ ಭೋಸರಿಯಲ್ಲಿದ್ದ ಎರಡು ಕೋಣೆಯ ಮನೆಯಿಂದ ಗಂಡ ಲಾಲಪ್ಪ ಕಾರ್ಖಾನೆಯ ಮೊದಲ ಪಾಳಿಗೆ ಹೋಗಿಯಾಗಿತ್ತು. ಮಗಳು ಶ್ರದ್ಧಾಳಿಗೆ ಕಾಲೇಜು ರಜೆ. ಬಚ್ಚಲ ಪಕ್ಕದ ವಾಶಿಂಗ್ ಮಶೀನು ಬಟ್ಟೆಯೆಲ್ಲ ತೊಳೆದು, ಹಿಂಡುವ ಹೊತ್ತಿಗೆ ಗುಂಯ್ ಎಂದು ನಿಂತುಬಿಟ್ಟಿತು.

“ಅವ್ವಾ, ಇದು ತಿರಗವಲ್ದು ನೋಡು,” ಎಂದಳು ಶ್ರದ್ಧಾ.

ಮೊಬೈಲಿನಲ್ಲಿ ಹುಡುಕಿ ಅವಳು ಒಂದೊಂದೇ ಉಪಾಯ ಹೇಳಿದಳು. ಮುಚ್ಚಳ ತೆಗೆದು ಗಟ್ಟಿಯಾಗಿ ಮುಚ್ಚಿದರು. ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದರು. ಒಂದೇ ಕಡೆ ಮುದ್ದೆಯಾಗಿದ್ದ ಚಾದರವನ್ನು ಬಿಡಿಸಿ ಹರಡಿದರು. ಗುಂಯ್ ಎನ್ನುವುದು ಬಿಟ್ಟರೆ ಮಶೀನು ಅಲುಗಲಿಲ್ಲ. ಒಳಗೆ ನೀರು ಹಾಗೇ ನಿಂತಿತ್ತು. ಅಡಿಯಿಂದ ಒಸರಿದ ನೀರಿಗೆ ನೆಲವೂ ಒದ್ದೆ.

“ನೀರು ಹೊರಗ ಹೋಗದ ಇದು ಹಿಂಡೂದಿಲ್ಲಂತ. ಪೈಪಿನ್ಯಾಗ ಏನರ ಸಿಕ್ಕೊಂಡಿರಬೇಕು.”

“ಹಂಗಾರ ಮದ್ಲ ಅರಿಬಿ ತಗಿಯೂಣು.”

ಶಿವಬಸವ್ವ ಎಡಗೈಯನ್ನು ಮಶೀನಿನ ತಗಡಿಗೆ ಆನಿಸಿ ಬಗ್ಗಿದಳು. ಮಣಿಕಟ್ಟಿನಿಂದ ಭುಜದವರೆಗೆ ಯಾರೋ ಸೆಳೆದಂತಾಯಿತು. ಹಿಂದಕ್ಕೆ ತೂರಾಡಿ ಗೋಡೆ ಹಿಡಿದಳು.

ಬಂತು, ಅಂದುಕೊಂಡಳು.

ಮಗಳಿಗೆ ಏನೂ ಹೇಳದೆ ಒಳಕೋಣೆಗೆ ಹೋಗಿ ಕನ್ನಡಿಯ ಮುಂದೆ ನಿಂತಳು. ಬಾಯಿ ಅಗಲಿಸಿ ನೋಡಿದಳು. ಸೊಟ್ಟಗಾಗಿರಲಿಲ್ಲ. ತನ್ನ ಹೆಸರನ್ನೂ ತಾಯಿಯ ಹೆಸರನ್ನೂ ಮೆಲ್ಲಗೆ ಹೇಳಿದಳು, ನಾಲಿಗೆ ತೊದಲಲಿಲ್ಲ. ಎರಡೂ ಕೈ ಎತ್ತಿದಳು, ಎರಡೂ ಎದ್ದವು. ಆದರೂ ಮತ್ತೊಮ್ಮೆ ಬಾಯಿ ಅಗಲಿಸಿ ನೋಡಿದಳು. ತಾಯಿಯನ್ನು ಮಗ್ಗುಲು ಹೊರಳಿಸಿ ಬೆನ್ನಿನ ಹುಣ್ಣು ಒರೆಸುತ್ತಿದ್ದವಳು ತಾನೇ. ಆಗ ತನಗೆ ಹದಿನೇಳು. ಶ್ರದ್ಧಾಳಿಗೂ ಈಗ ಹದಿನೇಳೇ.

“ಅವ್ವಾ, ನನ್ನ ಕೈ ಜುಂ ಅಂತ—”

ಮಾತು ಅರ್ಧಕ್ಕೇ ಕಡಿಯಿತು.

ಓಡಿ ಬಂದು ನೋಡಿದರೆ ಶ್ರದ್ಧಾ ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ, ಮಶೀನಿನ ಅಂಚು ಹಿಡಿದು ಸೆಟೆದು ನಿಂತಿದ್ದಳು. ಬಾಯಿ ತೆರೆದಿತ್ತು, ದನಿಯಿರಲಿಲ್ಲ. ಶಿವಬಸವ್ವ ಅವಳನ್ನು ಎಳೆಯಲು ಕೈ ಚಾಚಿಯೇಬಿಟ್ಟಿದ್ದಳು. ಕರೆಂಟು ಹಿಡಿದವರನ್ನು ಮುಟ್ಟಬಾರದು ಎಂದು ಲಾಲಪ್ಪ ಎಂದೋ ಹೇಳಿದ್ದು ನೆನಪಾಗಿ, ಬಾಗಿಲತ್ತ ಓಡಿ ಮೇನ್ ಸ್ವಿಚ್ ಕೆಳಗೆಳೆದಳು. ಹಿಂದೆ ಧಪ್ ಎಂದು ಸದ್ದಾಯಿತು. ತಿರುಗಿ ನೋಡಲು ಅವಳಿಗೆ ಧೈರ್ಯ ಬರಲಿಲ್ಲ.

“ಅವ್ವಾ,” ಎಂದು ಮಗಳು ಅತ್ತಾಗಲೇ ಅವಳಿಗೆ ಉಸಿರು ಬಂದದ್ದು.

ರಿಕ್ಷಾ ಹಿಡಿದು ದವಾಖಾನೆಗೆ ಹೋದರು. ಡಾಕ್ಟರು ಇಸಿಜಿ ತೆಗೆದು ಎದೆಬಡಿತ ನೋಡಿ, ಬೆರಳು ಸುಟ್ಟದ್ದಕ್ಕೆ ಮುಲಾಮು ಕೊಟ್ಟು, ಹುಡುಗಿಗೆ ಅಪಾಯವಿಲ್ಲ ಎಂದರು.

ಮಧ್ಯಾಹ್ನ ರಿಪೇರಿಯ ಕೃಷ್ಣಾಜಿ ಬಂದ. ಸೊಲ್ಲಾಪುರದ ಕಡೆಯವನು, ಕನ್ನಡ ಬಲ್ಲವನು. ನೀರು ಹೋಗುವ ಪೈಪಿನಿಂದ ಲಾಲಪ್ಪನ ಕರವಸ್ತ್ರ ಎಳೆದು ತೆಗೆದ. ಆಮೇಲೆ ಅಡಿಯಲ್ಲಿ ಮೇಲ್ಪದರ ಸವೆದು ನೀರಲ್ಲಿ ತೊಯ್ದಿದ್ದ ವಾಯರನ್ನು ತೋರಿಸಿದ. ಕೊನೆಗೆ ಮಶೀನಿಗೆ ಕರೆಂಟು ಕೊಡುವ ಬೋರ್ಡು ಬಿಚ್ಚಿ ಒಳಗೆ ಇಣುಕಿದ.

“ಇದಕ್ಕ ಅರ್ಥಿಂಗ್ ವಾಯರೇ ಇಲ್ಲಲ್ರಿ ವೈನಿ. ಸೋರಿದ ಕರೆಂಟೆಲ್ಲಾ ತಗಡಿಗೇ ಬರತದ. ಯಾರು ಜೋಡಿಸ್ಯಾರ?”

“ನಮ್ಮ ಮನಿಯವ್ರು.”

“ಮದ್ಲ ಎಂದೂ ಜುಂ ಅಂದಿಲ್ಲೇನ್ರಿ?”

“ಹದಿನೈದು ದಿನ ಆತು,” ಎಂದಳು ಶಿವಬಸವ್ವ, ಬಟ್ಟೆ ತೆಗೆಯುವಾಗೆಲ್ಲ ತಾನು ಎಡಗೈ ಆನಿಸುತ್ತಿದ್ದ ತಗಡನ್ನು ನೋಡುತ್ತ. ಕೃಷ್ಣಾಜಿ ಶ್ರದ್ಧಾಳ ಕಡೆ ನೋಡಿ ತಲೆ ತಗ್ಗಿಸಿದ.

ಲಕ್ವಾ ಅಲ್ಲ ಎಂದು ಗೊತ್ತಾದರೂ ಅವಳಿಗೆ ಸಮಾಧಾನವಾಗಲಿಲ್ಲ. ತನ್ನ ರೋಗ ಮುಚ್ಚಿಡುತ್ತಿದ್ದೇನೆ ಅಂದುಕೊಂಡು, ಮಗಳ ಜೀವಕ್ಕೇ ಕುತ್ತು ತರುವಂಥದ್ದನ್ನು ಮುಚ್ಚಿಟ್ಟಿದ್ದಳು.

ಸಂಜೆ ಎಲ್ಲ ಕೇಳಿದ ಲಾಲಪ್ಪನ ಮುಖ ಬಿಳಿಚಿತು. ಕೈಯಲ್ಲಿದ್ದ ಚಹಾ ಕೆಳಗಿಟ್ಟ.

“ನನಗರ ಹೇಳಬಾರದಾಗಿತ್ತ?”

“ಹೇಳಿದ್ರ ಖರೇ ಆಗಿಬಿಡ್ತದ ಅಂತ ಅಂಜಿದ್ನಿರಿ.”

“ತಪ್ಪು ನಂದು,” ಎಂದು ಲಾಲಪ್ಪ ಎದ್ದು, ಮನೆಯ ಬೋರ್ಡುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ನೋಡಿದ.

ಮರುದಿನ ಕೃಷ್ಣಾಜಿ ಹೊಸ ವಾಯರು ಹಾಕಿ, ಅರ್ಥಿಂಗ್ ಜೋಡಿಸಿಕೊಟ್ಟು ಹೋದ. ಮಶೀನು ಗರಗರ ತಿರುಗಿ, ನೀರು ಕಕ್ಕಿ, ಬಟ್ಟೆ ಹಿಂಡಿ ನಿಂತಿತು. ಮೂವರೂ ಕಾಲಿಗೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು. ಮುಚ್ಚಳ ತೆರೆಯಲು ಯಾರೂ ಮುಂದೆ ಹೋಗಲಿಲ್ಲ. ಕೊನೆಗೆ ಲಾಲಪ್ಪ ಪ್ಲಗ್ ಕಿತ್ತುಹಾಕಿದ. ಆದರೂ ಶಿವಬಸವ್ವ ಮಗಳನ್ನು ಹಿಂದಕ್ಕೆ ಸರಿಸಿದಳು.