ಕುಮುಶಾಯ್ ಕೇಳಿದ ಪ್ರಶ್ನೆ

ಮಾರ್ಚ್ ಬಂತೆಂದರೆ ಹಿಮಬೆಟ್ಟಗಳ ನಡುವಿನ ಕಾರಾ-ಬುಲಾಕ್ ಊರಿನಲ್ಲಿ ಯಾರಿಗೂ ಪುರುಸೊತ್ತಿಲ್ಲ. ಕುರಿಗಳು ಈಯುವ ಕಾಲ. ಆ ವರ್ಷ ಕುಮುಶಾಯ್ ಮನೆಯ ದೊಡ್ಡಿಯಲ್ಲಿ ಇಪ್ಪತ್ತೆರಡು ಮರಿಗಳು ಹುಟ್ಟಿದ್ದವು. ಮೂರು ವಾರ ನೆಗೆದಾಡಿಕೊಂಡು ಚೆನ್ನಾಗಿಯೇ ಇದ್ದವು. ಆಮೇಲೆ ಒಂದು ಮರಿ ಬೆನ್ನು ಗೂನು ಮಾಡಿಕೊಂಡು, ಹಿಂಗಾಲು ಕೊರಡಿನ ಹಾಗೆ ಬಿಗಿದು ನಿಂತಿತು. ಮರುದಿನ ಮಲಗಿತು. ಮೂರನೆಯ ದಿನ ಸತ್ತಿತು. ಅಷ್ಟರಲ್ಲಿ ಇನ್ನೂ ನಾಲ್ಕು ಮಲಗಿದ್ದವು.

ಕುಮುಶಾಯ್‌ಳ ಗಂಡ ಕುದುರೆಗಳ ಜೊತೆ ಬೆಟ್ಟದ ಮೇಲಿನ ನೆಲೆಯಲ್ಲಿದ್ದ. ಅಲ್ಲಿಗೆ ಫೋನು ಮುಟ್ಟುವುದಿಲ್ಲ. ಹಿಮ ಕುಸಿದು ಘಟ್ಟದ ದಾರಿ ಮುಚ್ಚಿದ್ದರಿಂದ ಪಶುವೈದ್ಯರು ಬರುವಂತಿರಲಿಲ್ಲ. ಮನೆಯಲ್ಲಿ ಇದ್ದ ಹಿರಿಯರೆಂದರೆ ಮಾವ ಕೊಜುಬೆಕ್, ನಲವತ್ತು ವರ್ಷ ಕುರಿ ಕಾಯ್ದವರು.

"ಚಳಿ ಹಿಡಿದಿದೆ ಅಷ್ಟೆ. ಕಾಲಿಗೆ ಬಿಸಿ ಕಂಬಳಿ ಸುತ್ತು," ಎಂದರು.

ಸುತ್ತಿದಳು. ಯಾವುದೂ ಏಳಲಿಲ್ಲ.

"ಮಾವ, ಫೋನಲ್ಲಿ ಯಾರನ್ನಾದ್ರೂ ಕೇಳಿ ನೋಡ್ಲಾ?"

"ಫೋನು ಯಾವತ್ತಾದ್ರೂ ಕುರಿ ಕಾಯ್ದಿದೆಯೇನಮ್ಮ? ಹಿಮದಲ್ಲಿ ಒಂದು ದಿನ ನಿಂತಿದೆಯಾ? ಚಾರ್ಜು ಹೋದ್ರೆ ಅದೇ ಮೊದಲು ಮಲಗುತ್ತೆ!"

ಆದರೆ ಕುಮುಶಾಯ್‌ಗೆ ಮನಸ್ಸು ತಡೆಯಲಿಲ್ಲ. ಹಟ್ಟಿಯ ಮೂಲೆಯಲ್ಲಿ ಕೂತು ಫೋನು ತೆಗೆದಳು. ದೊಡ್ಡ ಟೋಪಿಯ ಒಬ್ಬ ಮನುಷ್ಯ ವೀಡಿಯೊದಲ್ಲಿ ಕೂಗಿ ಹೇಳುತ್ತಿದ್ದ: "ಯಾವ ಮರಿ ಮಲಗಿದ್ರೂ ಯೋಚನೆ ಬೇಡ! ಈ ಶಕ್ತಿಮದ್ದನ್ನ ಎರಡು ಪಟ್ಟು ಚುಚ್ಚಿ, ಸಂಜೆಗೆ ಓಡುತ್ತೆ!" ಸಾವಿರಾರು ಜನ ಅದನ್ನು ನೋಡಿದ್ದರು. ಅದೇ ಮದ್ದಿನ ಒಂದು ಸೀಸೆ ಮನೆಯಲ್ಲೂ ಇತ್ತು. ಆದರೂ ಅವಳಿಗೆ ಧೈರ್ಯ ಬರಲಿಲ್ಲ. ಇನ್ನೊಬ್ಬರನ್ನು ಕೇಳೋಣ ಎಂದುಕೊಂಡಳು. ಫೋನಿನಲ್ಲಿ ಅವಳಿದ್ದದ್ದು ಒಂದೇ ಗುಂಪಿನಲ್ಲಿ: ದೊಡ್ಡ ಮಗಳ ಶಾಲೆಯ ತಾಯಂದಿರ ಗುಂಪು.

ಇಲ್ಲೊಂದು ತೊಡಕಿತ್ತು. ಆ ಸೀಮೆಯಲ್ಲಿ ಸೊಸೆಯಾದವಳು ಮಾವನ ಹೆಸರು ಹೇಳುವಂತಿಲ್ಲ. ಹೆಸರೊಳಗೆ ಅಡಗಿರುವ ಮಾತನ್ನೂ ಆಡುವಂತಿಲ್ಲ. ಅವರ ಭಾಷೆಯಲ್ಲಿ 'ಕೊಜು' ಎಂದರೆ ಕುರಿಮರಿ. ಹೀಗಾಗಿ ಮದುವೆಯಾದ ಹನ್ನೊಂದು ವರ್ಷದಲ್ಲಿ ಕುಮುಶಾಯ್ ಒಮ್ಮೆಯೂ ಕುರಿಮರಿಯನ್ನು ಕುರಿಮರಿ ಎಂದಿರಲಿಲ್ಲ. 'ಪುಟ್ಟದು' ಎನ್ನುತ್ತಿದ್ದಳು. ಮನೆಯವರಿಗೆ ಅಷ್ಟರಲ್ಲೇ ತಿಳಿಯುತ್ತಿತ್ತು.

ಗುಂಪಿಗೂ ಹಾಗೆಯೇ ಹೇಳಿ ಕಳಿಸಿದಳು: "ಅಕ್ಕಂದಿರೇ, ನಮ್ಮ ಪುಟ್ಟದಕ್ಕೆ ಕಾಲು ಬಿಗಿದುಕೊಂಡಿದೆ. ನಿಲ್ಲಕ್ಕೇ ಆಗ್ತಿಲ್ಲ. ಎತ್ತಿ ಹಿಡಿದ್ರೆ ಹಾಲು ಮಾತ್ರ ಕುಡಿಯುತ್ತೆ. ಏನು ಮಾಡ್ಲಿ?"

ಹತ್ತು ನಿಮಿಷ ಆಗಿರಲಿಲ್ಲ, ಒಳಗೆ ಮಾವನ ಹಳೆಯ ಕೀಪ್ಯಾಡ್ ಫೋನು ಹೊಡೆದುಕೊಂಡಿತು. ಗುಂಪಿನ ಸುದ್ದಿ ಅಷ್ಟರಲ್ಲೇ ನಾರಿನ್ ಪೇಟೆ ಮುಟ್ಟಿತ್ತು, ಅಲ್ಲಿಂದ ಅವರ ತಂಗಿ ಅಳುತ್ತಿದ್ದಳು. "ಮಗುವಿಗೆ ಏನಾಯ್ತೋ ಅಣ್ಣಾ?"

"ಯಾವ ಮಗುವಿಗೆ? ಚಿಕ್ಕ ಮೊಮ್ಮಗಳು ಐಪೇರಿ ಇಲ್ಲೇ ನನ್ನ ತೊಡೆ ಮೇಲೆ ಕೂತು ಕರಿದ ಬೋರ್ಸೋಕ್ ಕಡೀತಾ ಇದಾಳೆ! ನಿಂಗೆ ಯಾರು ಹೇಳಿದ್ದು?"

ಆಗಲೇ ಬಾಗಿಲು ದಢಾರನೆ ತೆರೆಯಿತು. ಊರ ಗ್ರಂಥಾಲಯ ನೋಡಿಕೊಳ್ಳುವ ಉಮ್ಸುನಾಯ್ ಏದುಸಿರು ಬಿಡುತ್ತಾ ಒಳಗೆ ನುಗ್ಗಿದಳು. "ಎಲ್ಲಿ ಮಗು? ಊರ ನರ್ಸಮ್ಮನ ಹತ್ತಿರ ಹೋಗಕ್ಕೆ ಗಾಡಿಗೆ ಹೇಳಿದೀನಿ. ಕಂಬಳಿ ಸುತ್ತಿ, ಬೇಗ!"

ಐಪೇರಿ ಅವಳನ್ನು ನೋಡಿ ಎದ್ದು ನಿಂತು ಚಪ್ಪಾಳೆ ತಟ್ಟಿದಳು.

ಕುಮುಶಾಯ್ ಓಡಿ ಬಂದವಳು ವಿಷಯ ತಿಳಿದು ಕಿವಿಯವರೆಗೂ ಕೆಂಪಾದಳು. "ನಾನು ಹೇಳಿದ್ದು ಮಗು ಅಲ್ಲ ಅಕ್ಕ... ದೊಡ್ಡಿಯಲ್ಲಿರೋ ಪುಟ್ಟದು."

ಉಮ್ಸುನಾಯ್ ಅಲ್ಲೇ ಕುಸಿದು ಕೂತು ನಕ್ಕಳು. "ಅಯ್ಯೋ ನಿನ್ನ! ವಿಳಾಸ ಬರೀದೆ ಕಾಗದ ಹಾಕಿದೀಯಲ್ಲೇ! ಕೇಳಿದ್ದು ಮಕ್ಕಳ ತಾಯಂದಿರನ್ನ, ಅದೂ ಒಗಟಲ್ಲಿ. ಅವರು ಮಗು ಅಂದ್ಕೊಳ್ದೆ ಇನ್ನೇನು ಅಂದ್ಕೋಬೇಕು?"

"ಹೇಳಿದ್ನಲ್ಲ," ಎಂದರು ಕೊಜುಬೆಕ್. "ಈ ಫೋನು ಇರೋದೇ ಊರೆಲ್ಲ ಹೆದರಿಸಕ್ಕೆ."

"ತಪ್ಪು ಫೋನಿಂದಲ್ಲ ತಾತ. ನೀವು ಅಂಬಲಿ ಕುಡಿಯೋ ಬಟ್ಟಲಲ್ಲಿ ನೀರೇ ತುಂಬಿದ್ರೆ ಬಟ್ಟಲನ್ನ ಬೈತೀರಾ?" ಎಂದವಳೇ ಉಮ್ಸುನಾಯ್ ಕುಮುಶಾಯ್ ಕಡೆ ತಿರುಗಿದಳು. "ಬೇರೆ ಏನಾದ್ರೂ ನೋಡಿದ್ಯಾ?"

ಕುಮುಶಾಯ್ ಟೋಪಿಯವನ ವೀಡಿಯೊ ತೋರಿಸಿದಳು.

"ಇವನು ಯಾರು? ಯಾವ ಊರು? ಡಾಕ್ಟರಾ, ಮದ್ದು ಮಾರೋನಾ? ಮರಿ ತೂಕ ಎಷ್ಟು ಅಂತ ಒಂದು ಮಾತು ಕೇಳಿದ್ನಾ? ತುಂಬಾ ಜನ ನೋಡಿದ ಮಾತ್ರಕ್ಕೆ ಅದು ನಿಜ ಆಗಲ್ಲ ಕಣೇ. ಸಂತೆಯಲ್ಲಿ ಜಗಳ ಆದ್ರೂ ಜನ ಸೇರ್ತಾರೆ."

ಅವಳು ಕುಮುಶಾಯ್‌ಳನ್ನು ಕಣಿವೆಯ ಕುರಿಗಾಹಿಗಳ ಗುಂಪಿಗೆ ಸೇರಿಸಿದಳು. ಅಲ್ಲಿ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದವರು ಪಶುವೈದ್ಯೆ ಅಸಿಲ್ಕಾನ್. ಅವರ ಹೆಸರು, ಕೆಲಸ ಮಾಡುವ ಜಾಗ ಎರಡೂ ಅಲ್ಲಿ ಬರೆದಿತ್ತು. ಉಮ್ಸುನಾಯ್ ಅವರನ್ನು ಮುಖತಃ ಬಲ್ಲಳು. "ಈಗ ಬಿಡಿಸಿ ಹೇಳು," ಎಂದು ಫೋನು ಬಾಯಿಯ ಹತ್ತಿರ ಹಿಡಿದಳು.

ಕುಮುಶಾಯ್ ಬಾಯಿ ತೆರೆದಳು. ಮಾತು ಹೊರಡಲಿಲ್ಲ. ಮಾವ ಎದುರಿಗೇ ಕೂತಿದ್ದರು.

ಕೊಜುಬೆಕ್ ಬಾಗಿಲ ಕಡೆ ತಿರುಗಿದರು. ಹೊರಗಿನಿಂದ ತಾಯಿ ಕುರಿಯೊಂದು ಮರಿಯನ್ನು ಕರೆಯುವ ಸದ್ದು ಬರುತ್ತಿತ್ತು, ಮರಿ ಓಗೊಡುತ್ತಿರಲಿಲ್ಲ.

"ಹೇಳಮ್ಮ," ಎಂದರು. "ಅವು ಸಾಯ್ತಾ ಇರುವಾಗ ನನ್ನ ಹೆಸರಿಗೆ ಎಂಥಾ ಮರ್ಯಾದೆ? ನೀನು ಅಂದ್ರೆ ನಾನೇನು ಕರಗಿ ಹೋಗಲ್ಲ."

ಕುಮುಶಾಯ್ ಕಣ್ಣು ಮುಚ್ಚಿಕೊಂಡಳು. "ನಮ್ಮ ಕುರಿಮರಿಗಳಿಗೆ..." ಎಂದು ಶುರುಮಾಡಿದಳು. ಮುಂದಿನದು ನೀರಿನ ಹಾಗೆ ಹರಿಯಿತು. ಎಷ್ಟು ವಾರದ ಮರಿ, ಯಾವ ಕಾಲು, ಎಷ್ಟು ದಿನದಿಂದ, ಎಷ್ಟು ಸತ್ತಿವೆ, ಎಲ್ಲ ಹೇಳಿದಳು. ಮರಿ ನಿಲ್ಲಲು ಹೆಣಗುವುದನ್ನು ವೀಡಿಯೊ ಮಾಡಿ ಕಳಿಸಿದಳು.

ಅರ್ಧ ಗಂಟೆಗೆ ಅಸಿಲ್ಕಾನ್ ಅವರೇ ಫೋನು ಮಾಡಿದರು. "ಚೆನ್ನಾಗಿ ವಿವರಿಸಿದೀಯ ತಂಗಿ. ಒಂದು ಹೇಳು, ಚಳಿಗಾಲದಲ್ಲಿ ತಾಯಿ ಕುರಿಗಳಿಗೆ ಹಾಕಿದ ಹುಲ್ಲು ಎಲ್ಲಿ ಕೊಯ್ದದ್ದು?"

ಕುಮುಶಾಯ್‌ಗೆ ಗೊತ್ತಿರಲಿಲ್ಲ. ಮಾವನ ಮುಖ ನೋಡಿದಳು.

"ಹೊಳೆದಂಡೆ ಜೌಗಿನದು," ಎಂದರು ಕೊಜುಬೆಕ್, ತಾವು ಮಾತಾಡುತ್ತಿರುವುದು ಫೋನಿನ ಜೊತೆ ಎಂಬುದನ್ನೇ ಮರೆತು. "ಪ್ರತಿ ವರ್ಷ ಮೇಲಿನ ಇಳಿಜಾರಿಂದ ತರ್ತಿದ್ವಿ. ಈ ಸಲ ಅಲ್ಲಿ ಹುಲ್ಲೇ ಬರಲಿಲ್ಲ."

"ನನಗೆ ಬೇಕಿದ್ದದ್ದು ಅದೇ ಹಿರಿಯರೇ! ಆ ಹುಲ್ಲಲ್ಲಿ ಸೆಲೀನಿಯಂ ಅನ್ನೋ ಖನಿಜ ಕಮ್ಮಿ ಇರಬೇಕು. ಅದು ಸಾಲದೆ ಮರಿಗಳ ಮಾಂಸಖಂಡ ಸೋತಿರೋ ಹಾಗಿದೆ. ಮನೆಯಲ್ಲಿ ಮದ್ದಿದ್ರೆ ಸೀಸೆ ತೋರಿಸಿ. ಒಂದೊಂದು ಮರಿನೂ ತೂಕ ಮಾಡಿ, ನಾನು ಹೇಳಿದಷ್ಟೇ ಕೊಡಿ. ಜಾಸ್ತಿ ಆದ್ರೆ ಅದೇ ವಿಷ. ಎರಡು ಪಟ್ಟು ಚುಚ್ಚಿದ್ರೆ ಉಳಿಯೋ ಮರಿಗಳೂ ಸಾಯಬಹುದು."

ಕುಮುಶಾಯ್ ತಂದು ತೋರಿಸಿದ ಸೀಸೆಯಲ್ಲಿ ಇದ್ದದ್ದು ಅದೇ ಸೆಲೀನಿಯಂ ಮದ್ದು. ಟೋಪಿಯವನ ಮಾತು ಕೇಳಿದ್ದರೆ?

ಮರಿಗಳನ್ನು ಚೀಲದಲ್ಲಿ ಕೂರಿಸಿ ತೂಕ ಮಾಡಿದರು. ಅಸಿಲ್ಕಾನ್ ಫೋನಿನಲ್ಲಿ ನೋಡುತ್ತಾ, ಒಂದೊಂದಕ್ಕೂ ಅಳತೆ ಹೇಳುತ್ತಾ ಮದ್ದು ಕೊಡಿಸಿದರು. ಮಲಗಿದ್ದ ನಾಲ್ಕರಲ್ಲಿ ಒಂದು ಉಳಿಯಲಿಲ್ಲ. ಮೂರು ಎದ್ದವು. ಉಳಿದ ಹದಿನೇಳಕ್ಕೆ ಏನೂ ಆಗಲಿಲ್ಲ.

ಮುಂದಿನ ವಾರ ಚಹಾ ಕುಡಿಯಲು ಬಂದ ನೆರೆಯವರೆಲ್ಲರಿಗೂ ಕೊಜುಬೆಕ್ ಒಂದೇ ಮಾತು ಹೇಳಿದರು. "ಡಾಕ್ಟರಮ್ಮನೇ ಅಂದಿದ್ದು, ಚೆನ್ನಾಗಿ ವಿವರಿಸಿದೀಯ ಅಂತ! ನಮ್ಮ ಸೊಸೆಗೆ!" ಎಂದು ಎದೆ ಉಬ್ಬಿಸಿದರು. ಹುಲ್ಲಿನ ಗುಟ್ಟು ಹೇಳಿದ್ದು ತಾವು ಎಂಬುದನ್ನೂ ಸೇರಿಸಲು ಮರೆಯುತ್ತಿರಲಿಲ್ಲ. ಅದೂ ನಿಜವೇ. ಮಾವನಿಗೆ ಗೊತ್ತಿದ್ದದ್ದು ವೈದ್ಯೆಗೆ ತಲುಪಿತು, ವೈದ್ಯೆಗೆ ಗೊತ್ತಿದ್ದದ್ದು ದೊಡ್ಡಿಗೆ ಬಂತು. ನಡುವೆ ನಿಂತು ದಾರಿ ಮಾಡಿದವಳು ಕುಮುಶಾಯ್.

ಒಂದು ದಿನ ಮಧ್ಯಾಹ್ನ ಮಾವನೇ ಬಂದು ಅವಳ ಪಕ್ಕದಲ್ಲಿ ಕೂತರು. ಅವಳ ಫೋನಿನತ್ತ ಕೈ ಚಾಚಿದರು.

"ಅದನ್ನ ಇಲ್ಲಿ ಕೊಡು. ಕೆಲವು ಕುರಿ ತಾನೇ ಹೆತ್ತ ಮರಿನ ಯಾಕೆ ಒದೆಯುತ್ತೆ ಅಂತ ಕೇಳಬೇಕು. ನಲವತ್ತು ವರ್ಷದಿಂದ ಗೊತ್ತಾಗಿಲ್ಲ."

"ಯಾರನ್ನೂ ಕೇಳಿರಲಿಲ್ವಾ ಮಾವ?"

"ಕುರಿ ಕಾಯೋನು ಕುರಿ ವಿಷಯ ಕೇಳಿದ್ರೆ ಜನ ನಗಲ್ವೇನೇ?" ಎಂದವರು ಫೋನನ್ನು ಎರಡೂ ಕೈಯಲ್ಲಿ ಹಿಡಿದು, ದೂರದವರಿಗೆ ಕೇಳಿಸಲಿ ಎಂದು ಜೋರಾಗಿಯೇ ಕೂಗಿದರು: "ನಾನು ಕೊಜುಬೆಕ್! ನನಗೊಂದು ವಿಷಯ ಗೊತ್ತಿಲ್ಲ!"

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಕೈಯಲ್ಲೂ ಫೋನು ಇದೆ. ಅದು ಬರೀ ನೋಡುವ ವಸ್ತುವಲ್ಲ, ಕೇಳುವ ದಾರಿ. ತಿಳಿದವರು ಇರುವ ಗುಂಪನ್ನು ಹುಡುಕಿ, ವಿಷಯ ಬಿಡಿಸಿ ಹೇಳಿ. ಉತ್ತರ ಕೊಟ್ಟವರು ಯಾರೆಂದು ತಿಳಿಯದೆ ಮದ್ದು ಮುಟ್ಟಬೇಡಿ. ನಿಮ್ಮ ಮನೆಯ ಹಿರಿಯರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅರ್ಧ ಉತ್ತರ ಅವರ ಹತ್ತಿರವೇ ಇದ್ದೀತು. 'ಗೊತ್ತಿಲ್ಲ' ಎನ್ನಲು ನಾಚಬೇಡಿ. ಇವತ್ತೇ ಒಂದು ಪ್ರಶ್ನೆ ಕೇಳಿ.