ನಾಲ್ಕು ಲೋಟದ ಹಲಗೆ

ನಾನು ಒಂದು ಮರದ ಹಲಗೆ. ನನ್ನ ಮೈಮೇಲೆ ನಾಲ್ಕು ಗುಳಿಗಳಿವೆ; ಒಂದೊಂದರಲ್ಲಿ ಒಂದೊಂದು ಪುಟ್ಟ ಗಾಜಿನ ಲೋಟ ಕೂರುತ್ತದೆ. ಹುಟ್ಟುವಾಗ ನಾನು ಹೀಗಿರಲಿಲ್ಲ. ಅಮೆರಿಕದ ಚಳಿನಾಡಿನ ಮೇಪಲ್ ಮರದಿಂದ ನನ್ನನ್ನು ಕಡೆದು ಬೇಸ್‌ಬಾಲ್ ಬ್ಯಾಟ್ ಮಾಡಿದ್ದರು. ಬ್ಯಾಟಾಗಿ ನನ್ನ ಆಯುಸ್ಸು ಮೂರೇ ಏಟು. ಮೂರನೆಯ ಚೆಂಡಿಗೆ ಹಿಡಿಕೆ ಮುರಿದು ಮೈದಾನದ ಮಣ್ಣಿನಲ್ಲಿ ಬಿದ್ದೆ.

ಒಲೆಗೆ ಹೋಗಬೇಕಿದ್ದ ನನ್ನನ್ನು ಎತ್ತಿಕೊಂಡವನು ಚನ್ನವೀರ. ದಾವಣಗೆರೆಯಿಂದ ಬಂದು ಅಲ್ಲಿ ನೆಲೆಸಿದವನು. ಮೈದಾನದ ಪಕ್ಕದ ಬೀದಿಯಲ್ಲಿ ಸಣ್ಣ ಹಂಡೆಗಳಲ್ಲಿ ತಾನೇ ಬಿಯರ್ ಕಾಯಿಸಿ, ಹುದುಗಿಸಿ ಮಾರುತ್ತಿದ್ದ. ನನ್ನನ್ನು ಉದ್ದಕ್ಕೆ ಸೀಳಿಸಿ, ಉಜ್ಜಿ, ಗುಳಿ ತೋಡಿಸಿದ. ಮುರಿದ ಮೇಲೆ ಕೆಲಸಕ್ಕೆ ಬಂದವನು ನಾನು.

ಬೇಸ್‌ಬಾಲ್ ನಿಧಾನದ ಆಟ. ಒಂದು ಚೆಂಡಿಗೂ ಇನ್ನೊಂದು ಚೆಂಡಿಗೂ ನಡುವೆ ಜನರಿಗೆ ಬೇಕಾದಷ್ಟು ಬಿಡುವು. ಆ ಬಿಡುವೆಲ್ಲ ತಿನ್ನುವುದಕ್ಕೆ, ಕುಡಿಯುವುದಕ್ಕೆ. ಸ್ಟೇಡಿಯಮ್ಮಿನಲ್ಲಿ ಚನ್ನವೀರನದೊಂದು ಮಾರಾಟದ ಕಟ್ಟೆಯಿತ್ತು. ನಾಲ್ಕು ಬಗೆಯ ಬಿಯರ್, ಪ್ರತಿಯೊಂದಕ್ಕೂ ಹೊಂದುವ ಒಂದು ತಿಂಡಿ. ತಿಂಡಿ ಅವನ ಅಕ್ಕ ನೀಲಮ್ಮನದು. ಊರಿನಲ್ಲಿ ಮಿರ್ಚಿ ಬಜ್ಜಿಯ ಅಂಗಡಿ ನಡೆಸಿದ್ದವಳು. ಗಂಡ ತೀರಿಕೊಂಡ ಮೇಲೆ ತಮ್ಮನ ಬಳಿಗೆ ಬಂದಿದ್ದಳು. ಬಿಯರನ್ನು ತುಟಿಗೆ ಸೋಕಿಸಿದವಳಲ್ಲ. ಲೋಟವನ್ನು ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ ಹೇಳುತ್ತಿದ್ದಳು: "ಇದಕ್ಕೆ ಬಜ್ಜಿ ಇಡು. ಆ ಕರೀದಕ್ಕೆ ಶೇಂಗಾ ಹೋಳಿಗಿ." ಒಮ್ಮೆಯೂ ತಪ್ಪಿದ್ದಿಲ್ಲ. ಜನ ಬೆರಳು ಚೀಪುತ್ತಿದ್ದರು.

ಒಂದು ಚಳಿಗಾಲ ಚನ್ನವೀರನಿಗೆ ಜ್ವರ ಬಂತು. ಜ್ವರ ಇಳಿಯಿತು, ಮೂಗಿಗೆ ವಾಸನೆ ಹಿಡಿಯುವ ಶಕ್ತಿ ಮರಳಲಿಲ್ಲ. ಈ ಮಾತು ನನಗೊಬ್ಬನಿಗೇ ಗೊತ್ತಿತ್ತು. ದಿನವೂ ನನ್ನ ಮೇಲೆ ನಾಲ್ಕು ಲೋಟ ಇಟ್ಟುಕೊಂಡು, ಬಾಗಿ ಬಾಗಿ ಮೂಸುತ್ತಿದ್ದ. ಆಮೇಲೆ ಲೋಟ ಬರಿದು ಮಾಡಿ ತೊಳೆದಿಡುತ್ತಿದ್ದ. ಬಿಯರ್ ಮಾಡುವವನಿಗೆ ಮೂಗು ಹೋಯಿತೆಂದರೆ ಇನ್ನೇನು ಉಳಿಯಿತು? ನೆನಪಿನ ಮೇಲೆಯೇ ಹಂಡೆ ಕಾಯಿಸಿದ. ಅಕ್ಕನಿಗೂ ಹೇಳಲಿಲ್ಲ.

ವಸಂತದಲ್ಲಿ ಆಟಗಳು ಶುರುವಾಗುವ ಮೊದಲ ದಿನ ಇನ್ನೂರು ಜನರಿಗೆ ರುಚಿ ನೋಡಿಸುವ ಕೂಟ. ಅದು ಒಪ್ಪಿಗೆಯಾದರೆ ಮಾತ್ರ ಈ ವರ್ಷವೂ ಕಟ್ಟೆ ಅವರದು ಎಂದು ಸ್ಟೇಡಿಯಮ್ಮಿನ ಮೇಲ್ವಿಚಾರಕಿ ಲೊರೇನ್ ಮೊದಲೇ ಹೇಳಿದ್ದಳು. ಅಂದು ಬೆಳಿಗ್ಗೆ ನೀಲಮ್ಮ ನನ್ನ ಮೇಲಿನ ಕೊನೆಯ ಲೋಟ ಎತ್ತಿದವಳು ಹಾಗೇ ನಿಂತಳು.

"ಚನ್ನಾ, ಇದ್ಯಾಕೋ ಮುಗ್ಗಲು ಬೆಣ್ಣಿ ವಾಸ್ನಿ ಬರ್ತೈತಲ್ಲೋ."

ಅವನು ಆ ಲೋಟ ಇಸಿದುಕೊಂಡು ಮೂಸಿದ, ಮತ್ತೊಮ್ಮೆ ಮೂಸಿದ. ಆಮೇಲೆ ಅದನ್ನು ಗುಳಿಯಲ್ಲಿ ವಾಪಸ್ಸಿಟ್ಟು ನನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ನಿಂಗ್ ಬರ್ವಲ್ದೇನು?"

"ಇಲ್ಲಕ್ಕ. ಮೂರು ತಿಂಗ್ಳಾತು. ಏನೂ ಬರ್ವಲ್ದು. ನಿನ್ನ ಬಜ್ಜಿದೂ ಇಲ್ಲ."

ನೀಲಮ್ಮ ಬೈಯುತ್ತಾಳೆ ಅಂದುಕೊಂಡೆ. ಅವಳು ಸೆರಗಿನಿಂದ ಕೈ ಒರೆಸಿಕೊಂಡು, ನನ್ನನ್ನು ಹಿಡಿದಿದ್ದ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು. "ಒಬ್ನೇ ಹೊತ್ಕೊಂಡ್ ತಿರುಗಿದ್ಯಲ್ಲೋ ಹುಚ್ಚಾ. ನನ್ನ ಮೂಗು ಗಟ್ಟಿ ಐತಿ ತಗೋ. ಇದನ್ನ ಚೆಲ್ಲು."

ಚೆಲ್ಲಿದರು. ಮಧ್ಯಾಹ್ನ ಜನ ಬಂದು ಕೂತಾಗ ನನ್ನ ನಾಲ್ಕನೆಯ ಗುಳಿಯ ಲೋಟದಲ್ಲಿ ಶುಂಠಿ, ಕರಿಬೇವು ಹಾಕಿದ ಮಜ್ಜಿಗೆಯಿತ್ತು. ಚನ್ನವೀರ ಎದ್ದು ನಿಂತು ಇದ್ದದ್ದನ್ನು ಇದ್ದಹಾಗೆ ಹೇಳಿದ: ನನಗೆ ವಾಸನೆ ತಿಳಿಯುವುದಿಲ್ಲ, ನಾಲ್ಕನೆಯ ಬಿಯರ್ ಕೆಟ್ಟಿತ್ತು, ಕಂಡುಹಿಡಿದವಳು ನನ್ನ ಅಕ್ಕ, ಈ ಮಜ್ಜಿಗೆ ಅವಳದು. ಆಮೇಲೆ ಮಿರ್ಚಿ ಕಚ್ಚಿ ಕಣ್ಣಲ್ಲಿ ನೀರು ಬಂದಿದ್ದ ಮುದುಕನೊಬ್ಬ ಮಜ್ಜಿಗೆಯನ್ನು ಗಟಗಟ ಕುಡಿದು, ಇನ್ನೊಂದು ಲೋಟ ಕೊಡಿ ಎಂದ. ಕೂಟವೆಲ್ಲ ನಕ್ಕಿತು.

ಲೊರೇನ್ ನಗಲಿಲ್ಲ. ದೊಡ್ಡ ಕಟ್ಟೆಯನ್ನು ಬೇರೆಯವರಿಗೆ ಕೊಟ್ಟಳು. ಆದರೆ ಮೂಲೆಯ ಸಣ್ಣದೊಂದನ್ನು ಇವರಿಗೆ ಉಳಿಸಿದಳು. "ಕೆಟ್ಟದ್ದನ್ನು ಚೆಲ್ಲುವವರು ನನಗೆ ಬೇಕು," ಅಂದಳಂತೆ. ಅಂದಿನಿಂದ ನೀಲಮ್ಮ ಮೂಸಿ ಸರಿ ಎನ್ನದ ಒಂದು ಹಂಡೆಯೂ ಹೊರಗೆ ಹೋಗಲಿಲ್ಲ.

ಎರಡನೆಯ ಬೇಸಿಗೆಗೆ ನನ್ನ ಅಂಚು ಬಿರುಕು ಬಿಟ್ಟಿತು. ಕಟ್ಟೆಗೆ ಸ್ಟೀಲಿನ ತಟ್ಟೆಗಳು ಬಂದವು. ನಾನು ಅವರ ಮನೆಯ ಅಡುಗೆಮನೆ ಸೇರಿದೆ. ಅಲ್ಲಿಯೂ ಕೆಲಸ ಸಿಕ್ಕಿತು. ಡಾಕ್ಟರ್ ಹೇಳಿದಂತೆ ನೀಲಮ್ಮ ನಾಲ್ಕು ಲೋಟಗಳಲ್ಲಿ ಲವಂಗ, ನಿಂಬೆ ಸಿಪ್ಪೆ, ಗುಲಾಬಿ ದಳ, ನೀಲಗಿರಿ ಎಣ್ಣೆ ಇಟ್ಟು, ಬೆಳಿಗ್ಗೆ ಸಂಜೆ ತಮ್ಮನ ಮೂಗಿನ ಕೆಳಗೆ ನನ್ನನ್ನು ಹಿಡಿಯುತ್ತಿದ್ದಳು. "ಬಂತಾ?" "ಇಲ್ಲಕ್ಕ." ಹೀಗೆ ತಿಂಗಳುಗಟ್ಟಲೆ. ಅವನು ಬೇಸತ್ತರೂ ಅವಳು ಬಿಡಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಸಾರಿಗೆ ಒಗ್ಗರಣೆ ಇಟ್ಟ ನೀಲಮ್ಮ ಬಾಗಿಲಲ್ಲಿ ನೆರೆಮನೆಯವಳೊಡನೆ ಮಾತಿಗೆ ನಿಂತಿದ್ದಳು. ಒಳಕೋಣೆಯಿಂದ ಕೂಗು ಬಂತು.

"ಅಕ್ಕಾ! ಒಗ್ಗರಣಿ ಸೀದ್ಹೋಗ್ತೈತಿ!"

ಅವಳು ಓಡಿ ಬಂದಳು. ಸೌಟು ಹಿಡಿದಳು, ಒಲೆ ಆರಿಸಲಿಲ್ಲ. "ಏನಂದಿ? ಇನ್ನೊಂದ್ಸಲ ಅನ್ನು."

ಚನ್ನವೀರ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದ. "ಬೆಳ್ಳುಳ್ಳಿ ಸೀದೈತಿ ಅಕ್ಕ," ಅಂದ, ಮೆಲ್ಲಗೆ.

ಹೊಗೆ ಕಂಡರೆ ಕೂಗುವ ಸೂರಿನ ಗಂಟೆ ಕಿರುಚಿಕೊಂಡಿತು. ಅಕ್ಕ ತಮ್ಮ ಇಬ್ಬರೂ ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಆ ದಿನ ಸಾರು ಒಗ್ಗರಣೆಯಿಲ್ಲದೆ ಸಪ್ಪಗಿತ್ತು. ಇಬ್ಬರೂ ಎರಡೆರಡು ಸಲ ಬಡಿಸಿಕೊಂಡರು.

ಈಗ ನನಗೆ ಕೆಲಸವಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಮಲಗಿದ್ದೇನೆ. ವಾರಕ್ಕೊಮ್ಮೆ ನೀಲಮ್ಮ ಎಣ್ಣೆಬಟ್ಟೆಯಲ್ಲಿ ಒರೆಸುತ್ತಾಳೆ. ನನಗೆ ಮೂಗಿಲ್ಲ, ನಾಲಗೆಯಿಲ್ಲ. ನಾನು ಹೊತ್ತ ಒಂದು ಹನಿಯ ರುಚಿಯೂ ನನಗೆ ತಿಳಿಯದು. ತಿಳಿದದ್ದು ಕೈಗಳು ಮಾತ್ರ. ಮುರಿದ ಮೇಲೆ ಹಿಡಿದವರೆಲ್ಲ ಮೆತ್ತಗೆ ಹಿಡಿದರು. ನನ್ನ ಪಾಲಿಗೆ ಅಷ್ಟು ಸಿಕ್ಕಿತಲ್ಲ, ಅದು ಸಣ್ಣದಲ್ಲ.