ಕುರ್ತಕೋಟಿಯ ಅಕ್ಕಿ ಪದ

"ಈ ದೇಶದಾಗ ಅಕ್ಕಿ ಯಾವಾಗ ಒಳಗ ಬಂತು, ಯಾವಾಗ ಹೊರಗ ಹೋತು?"

ವಿದ್ಯಾಶ್ರೀ ಇದನ್ನು ಯಾರಿಗೂ ಕೇಳಿರಲಿಲ್ಲ. ಪರೀಕ್ಷೆಯ ಗೈಡು ತೊಡೆಯ ಮೇಲಿತ್ತು, ಕಣ್ಣು ಗೋಡೆಯ ಮೇಲಿತ್ತು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವಳ ಆಯಿ, ಅಂದರೆ ಅಪ್ಪನ ತಾಯಿ ಹುಚ್ಚವ್ವ, ಕೈ ನಿಲ್ಲಿಸದೆ ಹೇಳಿದಳು:

"ನಾ ಅಂತೂ ಕಳಿಸಿಲ್ಲ ತಂಗಿ."

ಕುರ್ತಕೋಟಿಯ ಎರೆ ಹೊಲದಲ್ಲಿ ಜೋಳ, ಕಡಲೆ, ಹತ್ತಿ ಬೆಳೆಯುತ್ತವೆ. ಭತ್ತ ಮುಂಡರಗಿ ಕಡೆ ಹೊಳೆಯ ದಂಡೆಗೆ ಇದೆಯೆಂದು ಹುಚ್ಚವ್ವ ಕೇಳಿದ್ದಳು, ನೋಡಿರಲಿಲ್ಲ. ಆದರೆ ಕೃಷಿ ಮಾರುಕಟ್ಟೆ ಇಲಾಖೆಯ ನೌಕರಿಗೆ ಪರೀಕ್ಷೆ ಬರೆಯುವವರು ಅಕ್ಕಿಯ ಆಮದು ರಫ್ತನ್ನು ವರ್ಷದ ಸಮೇತ ತಿಳಿದಿರಬೇಕಿತ್ತು. ಹೋದ ಸಲ ವಿದ್ಯಾಶ್ರೀಗೆ ಅರ್ಧ ಅಂಕದಲ್ಲಿ ನೌಕರಿ ತಪ್ಪಿತ್ತು. ಇದು ಕಡೆಯ ಸಲ; ಮುಂದಿನ ಪರೀಕ್ಷೆ ಬರುವಷ್ಟರಲ್ಲಿ ಅವಳ ವಯಸ್ಸು ಮಿತಿ ದಾಟಿರುತ್ತಿತ್ತು.

ಓದಿದ್ದು ಅವಳಿಗೆ ನಿಲ್ಲುತ್ತಿರಲಿಲ್ಲ. ಕೇಳಿದ್ದು ನಿಲ್ಲುತ್ತಿತ್ತು. ಅದು ಆ ಮನೆಯ ರೋಗ. ಅಜ್ಜ ಲಕ್ಕಪ್ಪ ಜಾತ್ರೆಗಳಲ್ಲಿ ಎದುರು ಮೇಳದೊಡನೆ ಪೈಪೋಟಿಗೆ ನಿಂತು ಡೊಳ್ಳಿನ ಪದ ಹಾಡುತ್ತಿದ್ದ. ಅವನು ತೀರಿಕೊಂಡು ಹನ್ನೆರಡು ವರ್ಷವಾದರೂ ಅವನ ಪದಗಳೆಲ್ಲ, ಶಾಲೆಯ ಮುಖ ನೋಡದ ಹುಚ್ಚವ್ವನ ಬಾಯಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾಗದೆ ಉಳಿದಿದ್ದವು.

"ಗಟ್ಟ್ಯಾಗಿ ಓದು," ಅಂದಳು ಹುಚ್ಚವ್ವ. "ಎರಡ ಸಲ. ಮೂರನೇದ್ದು ಬ್ಯಾಡ."

ಮರುದಿನದಿಂದ ದಿನಾ ಮುಂಜಾನೆ ಮನೆದೇವರು ಬೀರದೇವರ ಜಗಲಿಯ ಮುಂದೆ ದೀಪ ಹಚ್ಚಿ, ಗಂಡನ ಧಾಟಿಯಲ್ಲಿ ಹಾಡತೊಡಗಿದಳು:

ನಲವತ್ತೆರಡಕ ಬರ್ಮಾದ ಅಕ್ಕಿ ನಿಂತೈತಿ, ಕೇಳೋ ಬೀರದೇವಾ
ಅರವತ್ತರ ಮ್ಯಾಲ ಹಡಗಿನ ಹಾದಿ ಕಾಯ್ದೇವಿ, ಕೇಳೋ ಬೀರದೇವಾ
ಎರಡು ಸಾವಿರದೆಂಟಕ ಹೊರಗಿನ ಕದಾ ಹಾಕ್ಯಾರ, ಕೇಳೋ ಬೀರದೇವಾ
ಎರಡು ಸಾವಿರದ್ಹತ್ತಕ ಹಾಕಿದ ಕದಾ ತಗದಾರ, ಕೇಳೋ ಬೀರದೇವಾ

ಕದ ಹಾಕಿದ್ದು ಎಂದರೆ ಬಾಸ್ಮತಿಯಲ್ಲದ ಅಕ್ಕಿಯನ್ನು ಹೊರದೇಶಕ್ಕೆ ಕಳಿಸಬಾರದೆಂದು ಸರ್ಕಾರ ಹೇಳಿದ್ದು. ಇಪ್ಪತ್ತಮೂರರಲ್ಲಿ ಮತ್ತೆ ಹಾಕಿ ಇಪ್ಪತ್ನಾಲ್ಕರಲ್ಲಿ ಮತ್ತೆ ತೆಗೆದರೆಂದು ವಿದ್ಯಾಶ್ರೀ ಓದಿದಾಗ ಹುಚ್ಚವ್ವ ಒಂದೊಂದು ಸಾಲು ಕೂಡಿಸಿ, "ಇವರ ಮನಿ ಕದಕ್ಕ ಚಿಲಕ ಐತೋ ಇಲ್ಲೋ?" ಎಂದು ಕೇಳಿದಳು.

ಕಸ ತೆಗೆಯಲು ಹೋದ ಹೆಂಗಸರು ಪದವನ್ನು ಹೊಲಕ್ಕೆ ಒಯ್ದರು. ಅಲ್ಲಿಂದ ಅದು ಮುಳಗುಂದಕ್ಕೆ ಹೋಯಿತು. ಲಕ್ಷ್ಮೇಶ್ವರಕ್ಕೆ ಕೊಟ್ಟ ಹುಚ್ಚವ್ವನ ಮಗಳು ಮಾಯಾ ಫೋನು ಮಾಡಿ, ಶಿರಹಟ್ಟಿಯ ಮದುವೆ ಮನೆಯೊಂದರಲ್ಲಿ ಅರಿಶಿನ ಹಚ್ಚುವಾಗ ಹಾಡಿದರೆಂದೂ, ಮದುಮಗಳಿಗೆ ಹಡಗಿನ ಸಾಲು ಬಹಳ ಸೇರಿತೆಂದೂ ಹೇಳಿದಳು.

ಪರೀಕ್ಷೆಗೆ ಮೂರು ದಿನ ಇದ್ದಾಗ, ಅದೇ ಪರೀಕ್ಷೆಗೆ ಓದುತ್ತಿದ್ದ ಬೆಟಗೇರಿಯ ಶಕೀಲನ ಫೋನು ಬಂತು.

"ಅಕ್ಕಾ, ಗೈಡಿನ್ಯಾಗ ವರ್ಷ ತಪ್ಪೈತ್ರಿ. ರಫ್ತಿನ ನಿಷೇಧ ತಗದಿದ್ದು ಎರಡು ಸಾವಿರದ ಹನ್ನೊಂದು, ಸೆಪ್ಟೆಂಬರ್. ಸರ್ಕಾರದ ಆದೇಶಾನ ನೋಡೀನಿ."

ವಿದ್ಯಾಶ್ರೀ ಗೈಡಿನಲ್ಲಿ ತಿದ್ದಿಕೊಂಡಳು. ಅಪ್ಪ ಯಲ್ಲೇಶ ಪರೀಕ್ಷಿಸಿದ.

"ಕದಾ ಯಾವಾಗ ತಗದ್ರು?"

"ಹತ್ತು."

"ಹನ್ನೊಂದಲೇ!"

"ಗೊತ್ತೈತೆಪಾ."

ಊಟಕ್ಕೆ ಮೊದಲು ಕೇಳಿದ, ಹತ್ತು. ಉಂಡ ಮೇಲೆ ಕೇಳಿದ, ಹತ್ತು. ಮರುದಿನ ಗದಗಿನಲ್ಲಿ ಮಾದರಿ ಪರೀಕ್ಷೆ ಬರೆದು, ಅಲ್ಲಿಯೂ ಹತ್ತಕ್ಕೇ ಗುರುತು ಹಾಕಿ ಬಂದಳು.

"ಕೈ ನಿಂದೈತಿ. ಹನ್ನೊಂದಕ್ಕ ಗುರುತು ಹಾಕಾಕ ಏನ ಧಾಡಿ?"

"ಕೈ ಕಿವಿ ಮಾತು ಕೇಳತೈತೆಪಾ. ಕಿವಿಯಾಗ ಆಯಿ ಕುಂತಾಳ."

ಶನಿವಾರ ಸಂಜೆ ಹುಚ್ಚವ್ವ ಜೋಳ ಹಸನು ಮಾಡುತ್ತಿದ್ದಳು. ವಿದ್ಯಾಶ್ರೀ ಎದುರಿಗೆ ಕುಳಿತಳು.

"ಆಯಿ, ಒಂದ ಸಾಲು ಬದಲಿ ಮಾಡು. ಹತ್ತಕ ಅಲ್ಲ, ಹನ್ನೊಂದಕ. ನೀ ಹಾಡಿದ್ರ ನನಗ ಕುಂಡ್ರತೈತಿ."

"ದೇವರಿಗೆ ಹತ್ತು ಅಂತ ಹೇಳೇನಿ."

"ಗೈಡು ಸುಳ್ಳ ಹೇಳಿತ್ತು."

"ಗೈಡು ದೀಪ ಹಚ್ಚಿತ್ತೇನ? ಹೇಳಿದಾಕಿ ನಾನು. ಇಪ್ಪತ್ತೊಂದು ದಿನ ಕೇಳೋ ಕೇಳೋ ಅಂದೇನಿ, ಅಂವ ಕೇಳ್ಯಾನ. ಈಗ ಹೋಗಿ, ಕೇಳಿದ್ದು ಬಿಡೋ ಮಾರಾಯಾ ಅನ್ನಲೇನ?"

"ಖರೇ ವರ್ಷ ದೇವರಿಗೆ ಮೊದಲ ಗೊತ್ತಿರತೈತಿ."

"ಗೊತ್ತಿದ್ದೂ ಸುಮ್ಮ ಕುಂತಾನಲ್ಲ, ಅದು ಅವನ ದೊಡ್ಡಸ್ತಿಕಿ."

"ಸರ್ಕಾರ ಎಷ್ಟ ಸಲ ಬದಲಿ ಮಾಡ್ತು. ನೀನೂ ಸಾಲು ಕೂಡಿಸಿದಿ."

"ಕೂಡಸೂದು ಬ್ಯಾರೆ, ತಿದ್ದೂದು ಬ್ಯಾರೆ. ಹಾಕಿದ ಕದಾ ಹಾಕೇ ಇಲ್ಲ ಅಂತ ಸರ್ಕಾರನೂ ಅಂದಿಲ್ಲ. ಮುಂದ ತಗೀತು, ಅಷ್ಟ."

ಯಲ್ಲೇಶ ಬಾಗಿಲಲ್ಲಿ ನಿಂತಿದ್ದ. "ಯವ್ವಾ, ಹುಡುಗಿ ನೌಕರಿ ಐತಿ ಇದರಾಗ."

"ನನಗ ಗೊತ್ತಿಲ್ಲೇನ? ನಿಮ್ಮಪ್ಪ ಒಮ್ಮೆ ಪೈಪೋಟ್ಯಾಗ, ತಾ ಹಾಡಿದ್ದು ತಪ್ಪು ಅಂತ ತಿಳದ ಮ್ಯಾಲೂ ಸಾಲು ತಿದ್ದಲಿಲ್ಲ. ಸೋತು ಮನಿಗೆ ಬಂದ. ಬಂದು ಚಲೋ ಉಂಡ."

ವಿದ್ಯಾಶ್ರೀ ಆಯಿಯ ಮೊಣಕಾಲು ಹಿಡಿದಳು. "ದೇವರ ಹೆಸರು ಬಿಟ್ಟು ಹಾಡು. ಇಲ್ಲೆ, ನನಗಷ್ಟ ಕೇಳೂವಂಗ. ಒಂದ ಸಲ. ನಾಳೆ ಆ ಪ್ರಶ್ನಿ ಬಂದ್ರ ನನ್ನ ಕೈ ಎಲ್ಲಿಗೆ ಹೋಗತೈತಿ ನಿನಗ ಗೊತ್ತೈತಿ."

ಹುಚ್ಚವ್ವ ಮೊರ ಕೆಳಗಿಟ್ಟಳು. ಸೆರಗಿನಿಂದ ಕೈ ಒರೆಸಿಕೊಂಡು, ಮೊಮ್ಮಗಳ ಮುಖದ ಮೇಲೆ ಬಿದ್ದಿದ್ದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದಳು.

"ಹಾಡೂದಿಲ್ಲ," ಅಂದಳು.